ಮುಕ್ಕಾಲು ಮಿಲಿಮೀಟರ್ ಕಬ್ಬಿಣ

ನಾನು ಕೋವಿ ಹಿಡಿದು ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ, ಗುರಿಗೆಂದು ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳಲ್ಲಿ ಒಡೆದವಕ್ಕಿಂತ ಕೊಟ್ಟ ಕಾರಣಗಳೇ ಹೆಚ್ಚು. ಬಿಸಿಲು ಕಣ್ಣಿಗೆ ಹೊಡೀತು, ಗಾಳಿ ಬಿಲ್ಲೇನ ಎತ್ತಿಕೊಂಡು ಹೋಯ್ತು, ಹಿಂದೆ ನಿಂತವನು ಸರಿಯಾಗಿ ಆಗಲೇ ಕೆಮ್ಮಿದ. ಹೋದ ವರ್ಷ ಕಾರಣಗಳೆಲ್ಲ ತೀರಿಹೋಗಿ, ಬೈಯೋದಕ್ಕೆ ಕೋವಿಯೊಂದೇ ಉಳಿಯಿತು.

ಕೋವಿ ಅಪ್ಪನದು. ಹಾಸಿಗೆ ಹಿಡಿದಾಗ ನನ್ನನ್ನೂ ತಂಗಿಯನ್ನೂ ಕೂರಿಸಿಕೊಂಡು, "ಇದು ಇಬ್ಬರದ್ದೂ, ಕಿತ್ತಾಡಬೇಡಿ" ಅಂದಿದ್ದರು. ಕಿತ್ತಾಡಲಿಲ್ಲ. ಶನಿವಾರ ನಾನು, ಭಾನುವಾರ ಅವಳು. ನಾನು ದರ್ಜಿ. ಅವಳು ನನ್ನ ಅಂಗಡಿಯಿಂದ ಎರಡು ರಸ್ತೆ ಆಚೆ ಔಷಧಿ ಅಂಗಡಿ ಇಟ್ಟಿದ್ದಾಳೆ. ಅದೇ ಕೋವಿ, ಅದೇ ಮೈದಾನ. ಯಂತ್ರ ಇಪ್ಪತ್ತೈದು ಬಿಲ್ಲೆ ಹಾರಿಸಿದರೆ ನಾನು ಎಂಟು ಒಡೆಯುತ್ತೇನೆ, ಅವಳು ಇಪ್ಪತ್ತಮೂರು ಒಡೆಯುತ್ತಾಳೆ. ಇದರಿಂದ ಸಣ್ಣ ಮಗುವಿಗೂ ಏನೋ ಒಂದು ಅರ್ಥವಾಗುತ್ತದೆ. ನನಗೆ ಅರ್ಥವಾದದ್ದು, ಕೋವಿ ಸರಿಯಿಲ್ಲ ಅಂತ.

ಅದರ ದೋಷವನ್ನೂ ನಾನೇ ಕಂಡುಹಿಡಿದೆ. ಒಂದರ ಮೇಲೊಂದು ಎರಡು ನಳಿಗೆ ಇರುವ ಕೋವಿ ಅದು. ನಳಿಗೆಯ ತುದಿ ಒಳಗಡೆ ಒಂದಿಷ್ಟು ಕಿರಿದಾಗಿರುತ್ತದೆ, ಅದಕ್ಕೆ ಚೋಕ್ ಅನ್ನುತ್ತಾರೆ. ಬಾಯಿ ಬಿಗಿಯಾದಷ್ಟೂ ತೋಟೆಯೊಳಗಿನ ಸೀಸದ ಕಾಳು, ಅಂದರೆ ಚರೆ, ಒತ್ತಾಗಿ ದೂರ ಹೋಗುತ್ತದೆ, ಸಡಿಲವಾದಷ್ಟೂ ಹತ್ತಿರದಲ್ಲೇ ಅಗಲಕ್ಕೆ ಹರಡುತ್ತದೆ. ಈಗಿನ ಕೋವಿಗಳಲ್ಲಿ ಚೋಕನ್ನು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಬದಲಾಯಿಸಬಹುದು. ಅಪ್ಪನದ್ದು ಹಳೇದು, ಚೋಕ್ ನಳಿಗೆಯಲ್ಲೇ ಇದೆ. ಕೆರೆಸಿ ಸಡಿಲ ಮಾಡಬಹುದು ಅಷ್ಟೇ. ನನ್ನದು ಕಣ್ಣೆದುರೇ ಅಡ್ಡ ಹಾಯುವ ಬಿಲ್ಲೆಗಳ ಆಟ. ಎರಡೂ ಬಾಯಿ ಇಷ್ಟು ಬಿಗಿಯಿದ್ದರೆ ಪಾಪ, ನಾನಾದರೂ ಏನು ಮಾಡಲಿ?

ಕೋವಿ ರಿಪೇರಿಯವನ ಹತ್ತಿರ ಹೋದೆ. ಮುದುಕ, ಒಂದು ಮಾತಾಡೋ ಮುಂಚೆ ಎರಡು ಸಲ ಕನ್ನಡಕ ಒರೆಸುತ್ತಾನೆ.

"ಮೊದಲು ದೊಡ್ಡ ಹಾಳೆಗೆ ಹೊಡೆದು, ಚರೆ ಎಲ್ಲಿ ಬೀಳುತ್ತೆ ನೋಡಿ. ಕೆಲವು ಸಲ ತಪ್ಪು ಚೋಕಿಂದಾಗಿರಲ್ಲ" ಅಂದ.

"ಇಪ್ಪತ್ತಾರು ವರ್ಷದ ಅನುಭವ ಇದೆ ನಂಗೆ" ಅಂದೆ. ನಾಚಿಕೆ ಅನ್ನೋದು ಇದ್ದಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ.

"ತಂಗಿಗೆ ಹೇಳಿದ್ದೀರಾ?"

"ಓ, ಹೇಳಿದ್ದೀನಿ."

ಹೇಳಿರಲಿಲ್ಲ. ಹೇಳೋದೇನು, ಅಣ್ಣ ಅಲ್ಲವಾ ನಾನು. ಬಾಯಿ ಅಗಲವಾದರೆ ಅವಳಿಗೂ ಒಳ್ಳೇದೇ, ಇಪ್ಪತ್ತಮೂರು ಇಪ್ಪತ್ತೈದಾಗುತ್ತದೆ, ಆಮೇಲೆ ಹೇಳಿ ಶಭಾಷ್ ಅನ್ನಿಸಿಕೊಂಡರಾಯಿತು ಅಂತ ಲೆಕ್ಕ ಹಾಕಿದ್ದೆ. ಮುದುಕ ಶುಕ್ರವಾರ ಕೋವಿ ವಾಪಸ್ ಕೊಟ್ಟ. ಮೇಲಿನ ನಳಿಗೆಯಿಂದ ಮುಕ್ಕಾಲು ಮಿಲಿಮೀಟರ್ ತೆಗೆದಿದ್ದ, ಕೆಳಗಿನದರಿಂದ ಅರ್ಧ. ನನ್ನ ಕಸುಬಿನಲ್ಲಿ ಮುಕ್ಕಾಲು ಮಿಲಿಮೀಟರಿಗೆ ಬೆಲೆಯೇ ಇಲ್ಲ, ಸೀಮೆಸುಣ್ಣದ ಗೆರೆಯೇ ಅದಕ್ಕಿಂತ ದಪ್ಪ. ಸಾಲದ್ದಕ್ಕೆ ಬಟ್ಟೆಗೆ ಒಳಗಡೆ ಒಂದಿಂಚು ಬಿಟ್ಟಿರುತ್ತೇವೆ, ಹೆಚ್ಚುಕಮ್ಮಿಯಾದರೆ ಬಿಚ್ಚಿ ಹೊಲಿಯುತ್ತೇವೆ.

ಶನಿವಾರ ಹೊಡೆದೆ. ಒಂಬತ್ತು. ಒಂದು ಬಿಲ್ಲೆ ಜಾಸ್ತಿ, ಅದೂ ಯಂತ್ರದಿಂದಲೇ ಒಡೆದು ಬಂದಿತ್ತೋ ಏನೋ.

ಮಾರನೇ ದಿನ ತಂಡದ ಆಯ್ಕೆ. ಆರು ಜನರನ್ನು ಆರಿಸುತ್ತಾರೆ. ತಂಗಿ ಹಿಂದೆ ಮೂರು ಸಲ ಹೋಗಿ ಬರಿಗೈಲಿ ಬಂದಿದ್ದಳು. ಈ ಸಲ ಅವಳ ಕೈ ಹದವಾಗಿ ಕುದುರಿದೆ ಅಂತ ಮೈದಾನದವರೆಲ್ಲ ಹೇಳುತ್ತಿದ್ದರು. ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೊರಟಾಗಲೇ ನನ್ನ ತಲೆಗೆ ಹೊಳೆದದ್ದು, ಅವಳದ್ದು ದೂರದ ಆಟ. ಬಿಲ್ಲೆ ಅವಳ ಎದುರಿಂದ ಎದ್ದು ಆಚೆಗೆ ಓಡುತ್ತದೆ. ಅದಕ್ಕೆ ಬಿಗಿ ಬಾಯಿಯೇ ಬೇಕು. ಮೂರು ಸಲ ಹೇಳೋಕೆ ಹೋದೆ. ಒಂದು ಸಲ "ಪೆಟ್ರೋಲ್ ಹಾಕಿಸಬೇಕು" ಅಂದೆ, ಇನ್ನೊಂದು ಸಲ "ಬಿಸಿಲು ಜಾಸ್ತಿ" ಅಂದೆ. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಮೈದಾನ ಬಂದುಬಿಟ್ಟಿತು.

ಐವತ್ತು ಬಿಲ್ಲೆ. ಅವಳು ಎಂದಿನ ಹಾಗೆ ಆತುರವಿಲ್ಲದೆ, ಬಿಲ್ಲೆ ದೂರ ಹೋಗಿ ನೆಟ್ಟಗಾದ ಮೇಲೆಯೇ ಹೊಡೆಯುತ್ತಿದ್ದಳು. ಹದಿನೇಳನೆಯದಕ್ಕೆ ಚರೆ ತಾಗಿತು. ಬಿಲ್ಲೆಯಿಂದ ಒಂದಿಷ್ಟು ಧೂಳು ಹಾರಿತು, ಬಿಲ್ಲೆ ಮಾತ್ರ ಇಡಿಯಾಗಿ ಹೋಗಿ ಹುಲ್ಲಿನಲ್ಲಿ ಬಿತ್ತು. ಚೂರಾದರೂ ಮುರಿದು ಕಾಣಬೇಕು, ಬರೀ ಧೂಳಿಗೆ ಅಂಕವಿಲ್ಲ. ನಲವತ್ತೊಂದನೆಯದೂ ಹಾಗೇ ಆಯಿತು. ಅವಳ ಗುರಿ ತಪ್ಪಿರಲಿಲ್ಲ, ಹರಡಿಹೋದ ಚರೆಯಲ್ಲಿ ಅದನ್ನು ಒಡೆಯುವಷ್ಟು ಕಾಳು ಉಳಿದಿರಲಿಲ್ಲ. ಒಂದೇ ಒಂದು ಅಂಕಕ್ಕೆ ಅವಳು ಏಳನೆಯವಳಾದಳು.

ಅವಳು ಕೋವಿ ಮಡಚಿ, ಖಾಲಿ ಇದೆ ಅಂತ ನೋಡಿಕೊಂಡು, ನಳಿಗೆಯ ಬಾಯಿಗೆ ಕಿರುಬೆರಳು ಹಾಕಿ ತಿರುಗಿಸಿದಳು.

"ಎಷ್ಟು ತೆಗೆಸಿದೆ ಅಣ್ಣ?"

ಹೇಳಿದೆ.

"ಬೆಳಗ್ಗೆ ಕಾರಲ್ಲಿ ಹೇಳಿದ್ದಿದ್ರೂ ಸಾಕಿತ್ತು. ಯಾರ ಹತ್ರಾನಾದ್ರೂ ಒಂದು ಕೋವಿ ಎರವಲು ಕೇಳ್ತಿದ್ದೆ" ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಗೆದ್ದುಬಿಡುತ್ತಿದ್ದೆ, ನನಗೆ ಅದೊಂದು ಚೆನ್ನಾಗಿ ಬರುತ್ತದೆ.

ಆಮೇಲೆ ಮೂರು ವಾರ ಮಾತಿಲ್ಲ, ಭಾನುವಾರ ಬಂದು ಕೋವಿ ಒಯ್ಯುತ್ತಿದ್ದಳು ಅಷ್ಟೇ. ಬಿಪಿ ಮಾತ್ರೆಗೆ ಅವಳ ಅಂಗಡಿಗೇ ಹೋಗಬೇಕಲ್ಲ, ಹೋದೆ. ಪೊಟ್ಟಣ ಕಟ್ಟಿ, "ಊಟ ಆದ ಮೇಲೆ ತಗೊಳ್ಳಿ" ಅಂದಳು. ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವಳು. ಆ ಒಂದು 'ತಗೊಳ್ಳಿ'ಗೆ ನನ್ನ ಬಿಪಿ ಎಷ್ಟು ಏರಿತೋ ಯಾವ ಮಾತ್ರೆಗೂ ಇಳಿಯಲಿಲ್ಲ.

ಸಿಟ್ಟು ತೀರಿಸಿಕೊಳ್ಳೋಕೆ ಯಾರಾದರೂ ಬೇಕಿತ್ತು. ಕೋವಿ ಹೊತ್ತುಕೊಂಡು ರಿಪೇರಿಯವನ ಹತ್ತಿರ ಹೋಗಿ, ನಾನು ಹೇಳಿದೆ ಅಂತ ಕೆರೆದುಬಿಡೋದಾ, ಅವಳನ್ನೂ ಒಂದು ಮಾತು ಕೇಳಬಾರದಿತ್ತಾ ಅಂತ ಕೂಗಾಡಿದೆ. ಮುದುಕ ಪೂರ್ತಿ ಕೇಳಿಸಿಕೊಂಡ. ಕನ್ನಡಕ ಒರೆಸಿದ. ಭುಜಕ್ಕೆ ಆನಿಸುವ ಕೋವಿಯ ಹಿಂಬದಿ ಮರವನ್ನು ಬೆಳಕಿಗೆ ಹಿಡಿದು, ಸೂಜಿಯಿಂದ ಗೀಚಿದ ಒಂದು ಸಣ್ಣ ಗೆರೆ ತೋರಿಸಿದ.

"ಹನ್ನೊಂದು ವರ್ಷದ ಹಿಂದೆ ನಾನೇ ಹಾಕಿದ್ದು. ಈ ಮರ ನಿಮ್ಮ ತಂಗಿಗೆ ಒಂದೂಕಾಲಿಂಚು ಉದ್ದ. ಕತ್ತರಿಸಿ ಅಂತ ತಂದಿದ್ರು. ಗರಗಸ ಕೈಗೆ ತಗೊಂಡಿದ್ದೆ. ಕತ್ತರಿಸಿದ್ರೆ ಅಣ್ಣಂಗೆ ಆಗುತ್ತಾ ಅಂತ ಕೇಳಿದ್ರು. ಆಗಲ್ಲ, ಅವರದ್ದು ಉದ್ದ ಕೈ, ಕತ್ತರಿಸಿದ ಮೇಲೆ ಮೊದಲಿನ ಹಾಗೆ ಕೂಡಿಸೋಕೂ ಬರಲ್ಲ ಅಂದೆ. ಹಾಗಾದ್ರೆ ಬೇಡ ಅಂತ ಎತ್ತಿಕೊಂಡು ಹೋದ್ರು."

ಉದ್ದದ ಕೋವಿ ಭುಜಕ್ಕೆ ಕೂರುವುದಿಲ್ಲ, ಆಚೆ ಜಾರಿ ತೋಳಿಗೆ ಒದೆಯುತ್ತದೆ. ಹಾಗೆ ಒದೆಸಿಕೊಂಡು ಅವಳು ಇಪ್ಪತ್ತಮೂರು ಒಡೆಯುತ್ತಿದ್ದಳು. ನಾನು ಅವಳಿಗೆ ವರ್ಷಕ್ಕೆ ನಾಲ್ಕು ರವಿಕೆ ಹೊಲಿಯುವ ದರ್ಜಿ. ಅವಳ ತೋಳಿನ ಅಳತೆ ನನಗೆ ಬಾಯಿಪಾಠ. ಒಂದು ದಿನವೂ ಆ ಅಳತೆಯ ಕೈಗೆ ಈ ಕೋವಿ ಹೇಗೆ ಹೊಂದುತ್ತದೆ ಅಂತ ಯೋಚಿಸಿರಲಿಲ್ಲ.

ಅಲ್ಲಿಂದ ನೇರ ಅವಳ ಅಂಗಡಿಗೆ ಹೋದೆ. ಗಿರಾಕಿ ಹೋಗುವವರೆಗೂ ಕಾದು, "ತಪ್ಪಾಯ್ತು ಕಣೇ. ಕೋವಿ ಪೂರ್ತಿ ನೀನೇ ಇಟ್ಕೋ, ಮರ ಕತ್ತರಿಸಿಕೋ" ಅಂದೆ.

"ಬೇಡ. ಬಾಯಿ ಹೋಗಿರೋ ಕೋವಿ ನಂಗೆ ಯಾಕೆ? ಅದು ನಿಂದೇ ಇನ್ಮೇಲೆ, ಶನಿವಾರನೂ ಭಾನುವಾರನೂ" ಅಂದಳು. ನೀನು ಅಂದಳಲ್ಲ ಅಂತ ಸಮಾಧಾನಪಡಬೇಕೋ, ಅಪ್ಪನ ಕೋವಿ ಒಬ್ಬನದೇ ಆಯಿತಲ್ಲ ಅಂತ ಅಳಬೇಕೋ ತಿಳಿಯಲಿಲ್ಲ.

"ಬೇರೆ ಕೋವಿ ಮಾಡಿಸ್ತಿದ್ದೀನಿ. ಮೊಣಕೈ ಮಡಿಕೆಯಿಂದ ತೋರುಬೆರಳವರೆಗೆ ಅಳತೆ ಬೇಕಂತೆ. ಟೇಪ್ ಜೇಬಲ್ಲೇ ಇರುತ್ತಲ್ಲ ನಿಂಗೆ. ಅಳತೆ ಮಾತ್ರ ತಗೋ, ಬೇರೇನೂ ಮಾಡಬೇಡ."

ಅವಳು ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಮಡಚಿದಳು. ಭುಜದ ಕೆಳಗೆ ಅಂಗೈಯಗಲ ಕಪ್ಪು ಕಟ್ಟಿತ್ತು, ಅಂಚಿನಲ್ಲಿ ಹಳದಿಗೆ ತಿರುಗಿತ್ತು.

"ಇದು ಯಾವಾಗಿಂದು?" ಅಂದೆ.

"ಯಾವ ಭಾನುವಾರದ್ದು ಅಂತ ಹೇಳ್ಲಿ?" ಅಂದಳು.

ಟೇಪು ಹಿಡಿದೆ. ಕಣ್ಣು ಮಂಜಾಗಿ ಅಂಕಿ ಕಾಣಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅವಳೇ ಬಗ್ಗಿ ಓದಿದಳು, "ಹದಿಮೂರೂಕಾಲು. ಬರ್ಕೋ ಅಣ್ಣ."

ಬರೆದುಕೊಂಡೆ.