ಎಲ್ಲರದೂ ನಾಲ್ಕು ಸಾವಿರದ ತೊಂಬತ್ತಾರು

ನಮ್ಮ ಪ್ರಕಾಶನದ ಯಜಮಾನರಿಗೆ ಕಂಪ್ಯೂಟರ್ ಬರುವುದಿಲ್ಲ, ಆದರೆ ಅಂಕಿ ಓದಲು ಬರುತ್ತದೆ. ಒಂದು ಕಚೇರಿ ಹಾಳಾಗುವುದಕ್ಕೆ ಇನ್ನೇನು ಬೇಕು ಹೇಳಿ.

ಅಲ್ಲಿ ಕೆಲಸಕ್ಕೆ ನಾವು ಮೂವರು. ಪುಟ ಕಟ್ಟುವವಳು ನಾನು. ಸೇರಿ ಒಂಬತ್ತು ವರ್ಷವಾಯಿತು. ಮುಖಪುಟ ಮಾಡುವವನು ಯಜಮಾನರ ಬಾಮೈದ. ಬಂದು ಕುರ್ಚಿ ಬಿಸಿ ಮಾಡಿ ಹೋಗುತ್ತಾನೆ. ನಾವು ಅವನನ್ನು 'ದೊರೆ' ಅನ್ನುತ್ತೇವೆ, ಅವನು ಅದನ್ನು ಹೊಗಳಿಕೆ ಅಂದುಕೊಂಡಿದ್ದಾನೆ. ಮೂರನೆಯವರು ನಿಘಂಟಿನ ಅಜ್ಜ. ಬಡಗಿ, ದರ್ಜಿ, ಕ್ಷೌರಿಕ, ಗಾರೆ ಕೆಲಸದವರು, ಹೀಗೆ ಸಿಕ್ಕಸಿಕ್ಕವರ ಮುಂದೆ ಕುಕ್ಕರಗಾಲಲ್ಲಿ ಕೂತು ಅವರ ಕಸುಬಿನ ಮಾತು ಕೇಳಿಕೊಂಡು ಬರುತ್ತಾರೆ. ಬಂದು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ. ಹನ್ನೊಂದು ವರ್ಷಕ್ಕೆ 'ಸ' ಮುಟ್ಟಿದ್ದಾರೆ. ಇನ್ನೊಂದು ವರ್ಷ ಸಿಕ್ಕರೆ ನಿಘಂಟು ಮುಗಿಯುತ್ತದೆ.

ನಾವು ಬರೆಯುವ ಎಡಿಟರ್ ಎಂಬ ತಂತ್ರಾಂಶದಲ್ಲೇ ಫೈಲುಗಳ ಪಟ್ಟಿಯೂ ತೆರೆದುಕೊಳ್ಳುತ್ತದೆ: ಹೆಸರು, ತಾರೀಖು, ಸೈಜು. ಪ್ರತಿ ಶನಿವಾರ ಯಜಮಾನರು ನನ್ನ ಬೆನ್ನ ಹಿಂದೆ ನಿಂತು, ನಮ್ಮ ಮೂರು ಫೋಲ್ಡರುಗಳ ಎದುರಿಗಿದ್ದ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ನನ್ನದು ನಾಲ್ಕು ಸಾವಿರದ ತೊಂಬತ್ತಾರು. ದೊರೆಯದು ನಾಲ್ಕು ಸಾವಿರದ ತೊಂಬತ್ತಾರು. ಅಜ್ಜನದೂ ಅಷ್ಟೇ.

"ಭೇಷ್! ಮೂರೂ ಜನ ಸರಿಸಮ ದುಡಿದಿದ್ದೀರಿ. ಕಚೇರಿ ಅಂದ್ರೆ ಹೀಗಿರಬೇಕು ನೋಡಿ" ಅನ್ನುತ್ತಿದ್ದರು.

ಅಯ್ಯೋ ಪುಣ್ಯಾತ್ಮ, ಆ ಅಂಕಿ ನಮ್ಮ ಕೆಲಸದ್ದಲ್ಲ. ಫೋಲ್ಡರ್ ಅನ್ನುವ ಡಬ್ಬದ್ದು. ಒಳಗೆ ಅಕ್ಕಿ ಇರಲಿ, ಹೊಟ್ಟಿರಲಿ, ಡಬ್ಬದ ತೂಕ ಅಷ್ಟೇ ಇರುತ್ತದೆ. ಇದು ನನಗೆ ಮೊದಲ ವಾರವೇ ಗೊತ್ತಾಗಿತ್ತು. ಹೇಳಿದೆನೇ? ಇಲ್ಲ. ಹೇಳಿದರೆ ದಿನಾ ಬಂದು ಒಳಗೆ ಮೂಗು ತೂರಿಸುತ್ತಾರೆ, ಯಾರಿಗೆ ಬೇಕು ಆ ತಲೆನೋವು? ನನ್ನ ಪಾಡಿಗೆ ನಾನು ಆರಾಮಾಗಿದ್ದೆ.

ಹೋದ ಶನಿವಾರ ನನ್ನ ಆರಾಮಕ್ಕೆ ಕಲ್ಲು ಬಿತ್ತು. ದೊರೆ ಮೂರು ವಾರ ತೆಗೆದುಕೊಂಡು ಒಂದು ಮುಖಪುಟ ಮಾಡಿದ್ದ. ಅದರಲ್ಲಿ ಲೇಖಕಿಯ ಹೆಸರೇ ಇರಲಿಲ್ಲ. ಯಜಮಾನರು ಬೈದದ್ದು ಯಾರಿಗೆ? ನನಗೆ.

"ನೀನು ನೋಡಬಾರದಾ? ಅವನೊಬ್ಬನೇ ಎಷ್ಟು ಅಂತ ಮಾಡ್ತಾನೆ? ನಿನ್ನಷ್ಟೇ ಕೆಲಸ ಅವನಿಗೂ ಇದೆಯಲ್ಲಮ್ಮಾ, ಪಟ್ಟಿ ನೋಡು!"

ಮೈಯೆಲ್ಲ ಉರಿದುಹೋಯಿತು. ಎಡಿಟರಿನಲ್ಲಿ ಒಂದು ಸೌಲಭ್ಯವಿದೆ. ಎರಡು ಕೀ ಒತ್ತಿದರೆ ಸಾಕು, ಪ್ರತಿ ಫೋಲ್ಡರಿನ ಒಳಗಿರುವುದನ್ನೆಲ್ಲ ಕೂಡಿಸಿ ನಿಜವಾದ ಸೈಜು ತೋರಿಸುತ್ತದೆ. "ತಗೊಳ್ಳಿ ಸಾರ್, ಯಾರು ಎಷ್ಟು ಮಾಡಿದ್ದಾರೆ ಅಂತ ಈಗ ನೋಡಿ" ಎಂದು ಒತ್ತಿಯೇಬಿಟ್ಟೆ.

ದೊರೆಯದು ಇನ್ನೂರ ಹತ್ತು ಜಿಬಿ. ನನ್ನದು ಆರು ಜಿಬಿ. ಅಜ್ಜನದು ಬರೀ ಹದಿನಾಲ್ಕು ಎಂಬಿ. ಸಾವಿರ ಎಂಬಿ ಸೇರಿದರೆ ಒಂದು ಜಿಬಿ ಅಂತ ನಾನೇ ಬಾಯಿಬಿಟ್ಟು ವಿವರಿಸಿಯೂ ಆಗಿತ್ತು.

ನನ್ನ ಬುದ್ಧಿಗೆ ಬೆಂಕಿ ಬೀಳ! ಚಿತ್ರಗಳು ಹೊಟ್ಟೆಬಾಕಗಳು, ಅಕ್ಷರಗಳಿಗೆ ಚಿಟಿಕೆ ಜಾಗ ಸಾಕು ಅನ್ನುವುದು ಸಿಟ್ಟಿನಲ್ಲಿ ಮರೆತೇಹೋಗಿತ್ತು. ಅದರ ಮೇಲೆ ಈ ಮಹಾಶಯ ಪ್ರತಿ ಮುಖಪುಟವನ್ನೂ 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಅಂತ ಇಪ್ಪತ್ತು ಇಪ್ಪತ್ತು ಸಲ ಉಳಿಸಿಟ್ಟಿದ್ದ. ಯಜಮಾನರ ಮುಖ ಊರಗಲವಾಯಿತು.

"ನೋಡಿದ್ಯಾ ನಮ್ಮ ಬಾಮೈದನ್ನ! ಅಜ್ಜಾ, ನೀವೇನು ಹನ್ನೊಂದು ವರ್ಷ ಇಲ್ಲಿ ಗಾಳಿ ಕುಡಿದ್ರಾ? ಹದಿನಾಲ್ಕಂತೆ! ಈ ತಿಂಗಳಿಗೆ ಸಾಕು. ನಿಘಂಟೂ ಬೇಡ, ಏನೂ ಬೇಡ."

ಅಜ್ಜ ಕನ್ನಡಕ ಒರೆಸಿಕೊಂಡು ಪರದೆಯನ್ನೇ ನೋಡುತ್ತ ನಿಂತರು. ದೊರೆಯ ಮಾನ ಕಳೆಯಲು ಹೋಗಿ ಅಜ್ಜನ ಕೆಲಸ ಕಳೆದಿದ್ದೆ.

"ಸಾರ್, ಪರದೆ ಸುಡಲಿ" ಎಂದೆ. "ನಿಮಗೆ ಕಾಗದ ಗೊತ್ತಲ್ಲ? ಇಬ್ಬರದನ್ನೂ ಪ್ರಿಂಟ್ ತೆಗೀತೀನಿ. ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಯಾರನ್ನ ಬೇಕಾದ್ರೂ ಕಳಿಸಿ."

ನಕಲುಗಳನ್ನು ಬಿಟ್ಟು ತೆಗೆದರೆ ದೊರೆಯ ಕೆಲಸ ಮೂವತ್ತೊಂದು ಹಾಳೆ. ಆಮೇಲೆ ಅಜ್ಜನದನ್ನು 'ಅ'ದಿಂದ ಹಚ್ಚಿದೆ. ಪ್ರಿಂಟರ್ ಕಿರುಗುಟ್ಟುತ್ತ ಉಗುಳುತ್ತಲೇ ಹೋಯಿತು. ಯಜಮಾನರು ಮೊದಲು ನಿಂತಿದ್ದರು, ಆಮೇಲೆ ಕೂತರು, ಆಮೇಲೆ ಹಾಳೆಗಳನ್ನು ತಾವೇ ಜೋಡಿಸಲು ಶುರುಮಾಡಿದರು. ಎರಡು ರೀಮ್, ಅಂದರೆ ಸಾವಿರ ಹಾಳೆ, ಮುಗಿದರೂ ನಿಘಂಟು 'ಚ' ದಾಟಿರಲಿಲ್ಲ. ದೊರೆಗೆ ಹೊರಗೆ ಏನೋ ತುರ್ತು ಕೆಲಸ ನೆನಪಾಯಿತು.

ಯಜಮಾನರು ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಉಸ್ಸೆಂದು ಮೇಜಿನ ಮೇಲಿಟ್ಟರು. ತಪ್ಪಾಯಿತು ಅನ್ನುವ ಜಾತಿಯಲ್ಲ ಅದು. "ಒಂದು ವರ್ಷ ಸಾಕಾ ಅಜ್ಜಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಕೋಣೆಗೆ ಹೋದರು.

ನಾನು ಗೆದ್ದೆ ಅಂದುಕೊಂಡು ಕುಣಿಯುವುದೊಂದು ಬಾಕಿ. ಅಜ್ಜ ಮೆಲ್ಲಗೆ ಹತ್ತಿರ ಬಂದರು.

"ತಾಯೀ, ಆ ಹದಿನಾಲ್ಕು ಅನ್ನೋದು ನಿಜವಾಗ್ಲೂ ನನ್ನದಾ? ದಿನಾ ಬೆಳೀತಾನೇ ಇತ್ತಾ?"

"ಇನ್ನೇನು ಅಜ್ಜಾ! ನೀವು ಬರೆದಷ್ಟೂ ಬೆಳೆದಿದೆ."

"ನಾನು ದಿನಾ ಸಂಜೆ ಆ ಪಟ್ಟಿ ನೋಡ್ತಿದ್ದೆ. ಐವತ್ತು ಮಾತು ಸೇರಿಸಿದ್ರೂ ನಾಲ್ಕು ಸಾವಿರದ ತೊಂಬತ್ತಾರು. ವರ್ಷ ಕಳೆದ್ರೂ ಅದೇ. ಹೊಸದು ಹಾಕಿದಷ್ಟೂ ಹಳೇದು ಅಳಿಸಿಹೋಗ್ತಿದೆ ಅಂತ ಭಯ. ಅದಕ್ಕೇ ಬೆಳಗ್ಗೆ ಬಂದು ಎಲ್ಲಾ ಫೈಲೂ ತೆರೆದು, ಮೊದಲಿಂದ ಇದೆಯಾ ಅಂತ ನೋಡಿ, ಆಮೇಲೆ ಹೊಸದಕ್ಕೆ ಕೈ ಹಾಕ್ತಿದ್ದೆ. ಊಟದ ಹೊತ್ತಿನ ತನಕ ಅದಕ್ಕೇ ಹೋಗೋದು. ಯಾರನ್ನಾದ್ರೂ ಕೇಳೋಣ ಅಂದ್ರೆ ನಾಚಿಕೆ."

ಬೆಳಗ್ಗೆ ಅವರು ಪುಟ ಪುಟ ಸರಿಸುತ್ತ ಕೂರುವುದನ್ನು ನಾನು ಎಷ್ಟು ಸಲ ನೋಡಿದ್ದೆ. ಅಜ್ಜನಿಗೆ ತಮ್ಮ ಬರಹದ ಮೇಲೆ ತಮಗೇ ಮೋಹ ಅಂತ ನಕ್ಕಿದ್ದೂ ಉಂಟು. ದಿನಕ್ಕೆ ಅರ್ಧ ದಿನ. ಆ ನಿಘಂಟು ಯಾವತ್ತೋ ಮುಗಿದು, ಅಜ್ಜ ಅದನ್ನು ಕೈಯಲ್ಲಿ ಹಿಡಿದು ವರ್ಷಗಳೇ ಆಗಬೇಕಿತ್ತು.

"ಅಜ್ಜಾ, ಅದು ಡಬ್ಬದ ಅಂಕಿ ಅಂತ ನನಗೆ ಗೊತ್ತಿತ್ತು. ಸೇರಿದ ವಾರದಿಂದಲೇ ಗೊತ್ತಿತ್ತು."

ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ಒಂದು ಮಾತು ಹೇಳಬಾರದಿತ್ತೇನಮ್ಮಾ?" ಎಂದರು.