ಥರ್ಜಾ ಮನೆ ಬಿಟ್ಟದ್ದೇಕೆ

ಹನ್ನೊಂದನೇ ತರಗತಿಯವರು ಆ ಪುಸ್ತಕಕ್ಕೆ ಇಟ್ಟ ಹೆಸರು ‘ಇಟ್ಟಿಗೆ’. ನಿಜವಾದ ಹೆಸರು ‘ಉಪ್ಪಿನ ಮನೆ’. ನೂರೈವತ್ತು ವರ್ಷದ ಹಿಂದೆ ಯಾರೋ ಗಡ್ಡದ ಮಹಾಶಯ ಬರೆದದ್ದು. ಅಮೆರಿಕದ ಶ್ರೇಷ್ಠ ಕಾದಂಬರಿಗಳಲ್ಲೊಂದು ಎಂದು ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು. ಮಾರ್ಗೋ ಲಿಂಡ್‌ಕ್ವಿಸ್ಟ್ ಅದನ್ನು ಫೆಬ್ರವರಿಯಿಂದ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದಳು. ಹೊತ್ತದ್ದಷ್ಟೇ. ಮೊದಲ ಅಧ್ಯಾಯದಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡುತ್ತಾರೆ, ಎರಡನೆಯದರಲ್ಲೂ ಕಾಯಿಸುತ್ತಾರೆ, ಮೂರನೆಯದರಲ್ಲಿ ಕಾಯಿಸುವುದಕ್ಕೆ ಸೌದೆ ತರುತ್ತಾರೆ. ಅಲ್ಲಿಗೆ ಅವಳು ಪುಸ್ತಕ ಮುಚ್ಚಿ, ಇಂಟರ್ನೆಟ್ಟಿನಲ್ಲಿ ಸಿಗುವ ಸಾರಾಂಶವನ್ನು ಬಸ್ಸಿನಲ್ಲೇ ಓದಿ ಮುಗಿಸಿದ್ದಳು. ತರಗತಿಯ ಉಳಿದವರು ಅದನ್ನೂ ಅರ್ಧ ಓದಿದ್ದರು.

ಪಾಠ ಮಾಡುತ್ತಿದ್ದ ಮಿಸ್ ಪ್ರಿಚರ್ಡ್‌ಗೆ ದೀಪದ ಹುಚ್ಚು. ಕಾದಂಬರಿಯಲ್ಲಿ ಥರ್ಜಾ ಎಂಬಾಕೆ ಕಿಟಕಿಯಲ್ಲಿ ಒಂದು ದೀಪ ಇಡುತ್ತಾಳಂತೆ. ದಿನವೂ ಅದರದೇ ಪ್ರಶ್ನೆ.

“ದೀಪ ಏನನ್ನ ಸೂಚಿಸುತ್ತೆ? ಯಾರಾದ್ರೂ ಹೇಳಿ.”

“ಭರವಸೆ,” ಎಂದ ಹಿಂದಿನ ಬೆಂಚಿನ ಹುಡುಗ, ಫೋನಿನಿಂದ ತಲೆ ಎತ್ತದೆ. ಆ ತರಗತಿಯಲ್ಲಿ ಯಾವ ಪ್ರಶ್ನೆಗೂ ಭರವಸೆ ಎಂದರೆ ನಡೆಯುತ್ತಿತ್ತು. ಅದು ನಡೆಯದಿದ್ದರೆ ಒಂಟಿತನ.

ಮಾರ್ಗೋಗೆ ರೇಗಿತು. “ದೀಪ ಅಂದ್ರೆ ದೀಪ ಅಲ್ವಾ ಮಿಸ್? ಕತ್ತಲಿತ್ತು, ಹಚ್ಚಿದ್ಳು.”

ಎಲ್ಲರೂ ನಕ್ಕರು. ಮಿಸ್ ಪ್ರಿಚರ್ಡ್ ನಗಲಿಲ್ಲ. “ನೂರೈವತ್ತು ವರ್ಷದಿಂದ ಜನ ಈ ಪುಸ್ತಕ ಓದ್ತಾ ಇದಾರೆ, ಮಾರ್ಗೋ.”

“ಅವ್ರಿಗೂ ಪರೀಕ್ಷೆ ಇತ್ತೇನೋ, ಪಾಪ.”

ಆ ಶುಕ್ರವಾರ ಸಂಜೆ ಅವಳು ಒಂದು ಎಡವಟ್ಟು ಮಾಡಿದಳು. ಅಪ್ಪ ವೆಂಡೆಲ್ ಎಂದಿನಂತೆ ಮೀನು ಕರಿಯುತ್ತಿದ್ದ. ಅವನದು ದೋಣಿ ಮೋಟಾರು ರಿಪೇರಿ ಅಂಗಡಿ. ಊರಿನ ಸರೋವರ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ರಸ್ತೆಯ ಹಿಮ ತೆಗೆಯುವ ಕೆಲಸ. ತಟ್ಟೆಗೆ ಆಲೂಗಡ್ಡೆ ಹಾಕಿಕೊಳ್ಳುತ್ತ ಮಾರ್ಗೋ ಪುಸ್ತಕವನ್ನು ಬೈಯತೊಡಗಿದಳು. ಬೈಯುವ ಭರದಲ್ಲಿ ಕಥೆಯೂ ಬಾಯಿಂದ ಬಿತ್ತು: “ಕೊನೆಗೆ ಆ ಹೆಂಗಸು ಗಂಡ ಮಕ್ಕಳನ್ನ ಬಿಟ್ಟು ದೋಣಿ ಹತ್ತಿ ಹೋಗ್ತಾಳಂತೆ. ಅಷ್ಟಕ್ಕೆ ಐನೂರು ಪುಟ!”

ವೆಂಡೆಲ್ ಬಾಣಲೆ ಬಿಟ್ಟು ತಿರುಗಿ ನೋಡಿದ. ಮಾರ್ಗೋ ನಾಲಿಗೆ ಕಚ್ಚಿಕೊಂಡಳು. ಅವಳಮ್ಮ ಕೊಲೀನ್ ಮನೆ ಬಿಟ್ಟು ಎರಡು ಚಳಿಗಾಲ ಕಳೆದಿದ್ದವು. ಈಗ ಡಲೂತ್ ನಗರದ ಒಂದು ಬೇಕರಿಯಲ್ಲಿ ಕೆಲಸ. ಮಗಳ ಜೊತೆ ಫೋನಿನಲ್ಲಿ ಮಾತು ಇತ್ತು. ಅಪ್ಪನ ಎದುರು ಮಾತ್ರ ಅಮ್ಮನ ಹೆಸರು ಎತ್ತುವಂತಿರಲಿಲ್ಲ.

“ಇಂಥದ್ದನ್ನಾ ನಿಮಗೆ ಹೇಳ್ಕೊಡೋದು?” ಎಂದ ವೆಂಡೆಲ್.

“ಅಪ್ಪಾ, ಅದು ಹಳೇ ಕಥೆ. ಯಾರೂ ಓದಲ್ಲ.”

“ಸೋಮವಾರ ಬರ್ತೀನಿ ಶಾಲೆಗೆ.”

“ಅಯ್ಯೋ, ದೇವ್ರಾಣೆ ಬೇಡಪ್ಪಾ!”

ಬಂದೇ ಬಿಟ್ಟ. ಶಾಲೆ ಬಿಟ್ಟ ಮೇಲೆ, ಗ್ರೀಸು ಹತ್ತಿದ ಜಾಕೆಟ್ಟಿನಲ್ಲೇ, ಮೊದಲ ಬೆಂಚಿನ ಮೇಜಿನಡಿ ಮೊಣಕಾಲು ತೂರಿಸಿಕೊಂಡು ಕೂತ. ಪಕ್ಕದಲ್ಲಿ ಮಾರ್ಗೋ, ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತ.

“ಮನೆ ಮಕ್ಕಳನ್ನ ಬಿಟ್ಟು ಹೋದೋಳನ್ನ ದೊಡ್ಡವಳು ಅಂತ ಹೇಳ್ಕೊಡ್ತಾ ಇದೀರಂತೆ ಮೇಡಂ. ಈ ಪುಸ್ತಕ ಪಾಠದಿಂದ ತೆಗೀಬೇಕು.”

“ನೀವು ಓದಿದೀರಾ, ಮಿಸ್ಟರ್ ಲಿಂಡ್‌ಕ್ವಿಸ್ಟ್?”

“ಬೇಕಾದಷ್ಟು ಓದಿದೀನಿ.”

“ಎಷ್ಟು?”

ವೆಂಡೆಲ್ ಕಿಟಕಿಯ ಕಡೆ ನೋಡಿದ. “ಹಿಂದಿನ ರಟ್ಟು.”

“ಹಾಗಾದ್ರೆ ನಿಮಗೆ ಅರ್ಥ ಆಗಿರಲ್ಲ. ಇಲ್ಲಿ ಮುಖ್ಯವಾದದ್ದು ಹೆಂಗಸು ಹೋಗಿದ್ದಲ್ಲ. ಆ ದೀಪ ಇದೆಯಲ್ಲ…”

“ಸಾಕು ಮಾಡಿ!” ಮಾರ್ಗೋ ಎದ್ದು ನಿಂತಿದ್ದಳು. ಇಬ್ಬರೂ ಬೆಚ್ಚಿದರು. “ಅಪ್ಪ ಓದಿಲ್ಲ. ನಾನೂ ಓದಿಲ್ಲ. ಕ್ಲಾಸಲ್ಲಿ ಒಬ್ಬರೂ ಓದಿಲ್ಲ. ಓದದೇ ಇರೋ ಪುಸ್ತಕಕ್ಕೆ ಇಷ್ಟು ಕಿತ್ತಾಟನಾ? ಮಿಸ್, ನೀವು ಇದನ್ನ ಮೊದಲಿಂದ ಕೊನೆವರೆಗೆ ಓದಿದ್ದು ಯಾವಾಗ, ನಿಜ ಹೇಳಿ.”

ಮಿಸ್ ಪ್ರಿಚರ್ಡ್ ಕನ್ನಡಕ ತೆಗೆದು ಒರೆಸಿದಳು. ಕಿವಿಯವರೆಗೂ ಕೆಂಪೇರಿತ್ತು. “ಕಾಲೇಜಿನಲ್ಲಿ,” ಎಂದಳು. “ಆಮೇಲೆ ಬೇಕಾದ ಅಧ್ಯಾಯ ಮಾತ್ರ.” ಎದ್ದು ಕಪಾಟಿನಿಂದ ಇನ್ನೊಂದು ಪ್ರತಿ ತಂದು ವೆಂಡೆಲ್ ಮುಂದಿಟ್ಟಳು. “ಓದ್ಕೊಂಡು ಬನ್ನಿ. ನಾನೂ ಇನ್ನೊಂದ್ಸಲ ಓದ್ತೀನಿ. ಆಮೇಲೆ ಜಗಳ ಆಡೋಣ.”

ವೆಂಡೆಲ್ ಜಗಳಕ್ಕೆ ಹಿಂಜರಿಯುವ ಜಾತಿಯವನಲ್ಲ. ಆ ವಾರ ಅವನ ಓದಿನ ಕಾಟದಿಂದ ಮಾರ್ಗೋಗೆ ನೆಮ್ಮದಿಯೇ ಇರಲಿಲ್ಲ. ಅಂಗಡಿಯಿಂದ ಬಂದವನೇ ಪುಸ್ತಕ ಹಿಡಿಯುತ್ತಿದ್ದ, ಓದುತ್ತ ಗೊಣಗುತ್ತಿದ್ದ, ಗೊಣಗಿದ್ದನ್ನು ಅವಳಿಗೆ ಒಪ್ಪಿಸುತ್ತಿದ್ದ. “ಈ ಎಲ್ಕಾನಾ ಒಳ್ಳೇ ಕೆಲಸಗಾರ ಕಣೇ. ಉಪ್ಪುನೀರು ಕಾಯಿಸೋ ಕಬ್ಬಿಣದ ಹಂಡೆ ಬಿರುಕು ಬಿಟ್ಟಿದ್ದನ್ನ ಹೇಗೆ ಸರಿ ಮಾಡ್ತಾನೆ ಅಂತೀಯ!” ಎಲ್ಕಾನಾ ಎಂದರೆ ಥರ್ಜಾಳ ಗಂಡ. ಊಟದಲ್ಲಿ ಎಲ್ಕಾನಾ, ಕಾಫಿಯಲ್ಲಿ ಎಲ್ಕಾನಾ, ಅವಳನ್ನು ಬಸ್ಸಿಗೆ ಬಿಡುವಾಗಲೂ ಎಲ್ಕಾನಾ. ಅಪ್ಪನ ಬಾಯಿ ಮುಚ್ಚಿಸುವುದಕ್ಕಾದರೂ ತಾನೂ ಓದಲೇಬೇಕೆಂದು ಮಾರ್ಗೋ ಹಲ್ಲು ಕಚ್ಚಿ ಕೂತಳು.

ಉಪ್ಪು, ಸೌದೆ, ಗಾಳಿ ಎಲ್ಲ ದಾಟಿ ಮುಂದಕ್ಕೆ ಹೋದಾಗ ಅವಳಿಗೆ ತಿಳಿಯದಂತೆ ಓದಿನ ವೇಗ ಹೆಚ್ಚಿತು. ಎಲ್ಕಾನಾ ದಿನವಿಡೀ ದುಡಿದು ಬರುತ್ತಿದ್ದ, ಉಣ್ಣುತ್ತಿದ್ದ, ಹಂಡೆಯ ವಿಷಯ ಹೇಳಿ ಮಲಗುತ್ತಿದ್ದ. ಥರ್ಜಾಳ ತಂಗಿ ದೂರದ ಊರಲ್ಲಿ ತೀರಿಕೊಂಡ ಸುದ್ದಿ ಬಂದ ದಿನ, ಅವಳು ಒಲೆಯ ಮುಂದೆ ಕೂತು ಹೇಳಬೇಕೆಂದು ಬಾಯಿ ತೆರೆದರೆ, ಗಂಡ ಗಾಳಿಯ ದಿಕ್ಕು ಬದಲಾಯಿತು ಎಂದು ಎದ್ದು ಹೊರಗೆ ಹೋಗುತ್ತಾನೆ. ಮಾರ್ಗೋ ಆ ಪುಟವನ್ನು ಮತ್ತೆ ಓದಿದಳು. ಸಿಟ್ಟು ಬಂತು, ಮೊದಲ ಬಾರಿಗೆ ಪುಸ್ತಕದ ಮೇಲಲ್ಲ, ಪುಸ್ತಕದೊಳಗಿನವನ ಮೇಲೆ.

ಭಾನುವಾರ ಮಧ್ಯಾಹ್ನ ವೆಂಡೆಲ್ ಪುಸ್ತಕವನ್ನು ಮೇಜಿನ ಮೇಲೆ ದಪ್ಪೆಂದು ಹಾಕಿದ. “ಮುಗೀತು. ಅವಳದೇ ತಪ್ಪು. ಅವನು ಹೊಡೀಲಿಲ್ಲ, ಕುಡೀಲಿಲ್ಲ, ಉಪವಾಸ ಕೆಡವಲಿಲ್ಲ. ಇನ್ನೇನು ಬೇಕಿತ್ತಂತೆ?”

“ಅವನು ಅವಳನ್ನ ಏನಾದ್ರೂ ಕೇಳಿದ್ನಾ?”

“ಏನು ಕೇಳ್ಬೇಕಿತ್ತು?”

“ಏನಾದ್ರೂ ಅಪ್ಪಾ! ಹೇಗಿದೀಯ, ಯಾಕೆ ಸಪ್ಪಗಿದೀಯ ಅಂತ. ಇಡೀ ಪುಸ್ತಕದಲ್ಲಿ ಅವಳನ್ನ ಒಂದು ಮಾತು ಕೇಳಲ್ಲ ಆ ಮನುಷ್ಯ. ಬೇಕಾದ್ರೆ ಹುಡುಕು.”

ವೆಂಡೆಲ್ ಸವಾಲು ಸ್ವೀಕರಿಸಿದ. ಬೆರಳು ನೆಕ್ಕಿ ನೆಕ್ಕಿ ಹಾಳೆ ತಿರುವಿದ. ಮಾರ್ಗೋ ಪಾತ್ರೆ ತೊಳೆದು ಬಂದಳು, ಅವನಿನ್ನೂ ಹುಡುಕುತ್ತಿದ್ದ. ಕೊನೆಗೆ ಗೆದ್ದವನಂತೆ ಕೂಗಿದ: “ಇಲ್ಲಿ ನೋಡು! ಕೇಳಿದಾನೆ. ‘ಥರ್ಜಾ…’”

“ಏನಂತ?”

ಅವನ ದನಿ ಇಳಿಯಿತು. “‘ಥರ್ಜಾ, ಸೌಟು ಎಲ್ಲಿ?’”

ಮಾರ್ಗೋಗೆ ತಡೆಯಲಾಗದೆ ನಗು ಬಂತು. ಅವನೂ ನಗಲು ಹೋದ, ನಡುವೆಯೇ ನಿಂತುಹೋಯಿತು. ಪುಸ್ತಕ ಮುಚ್ಚಿ, ಕೋಟು ಹಾಕಿಕೊಂಡು ಅಂಗಳಕ್ಕೆ ಹೋಗಿ, ಹೇಗೂ ಕರಗುತ್ತಿದ್ದ ಹಿಮವನ್ನು ಸಲಿಕೆಯಿಂದ ಎಳೆಯುತ್ತ ನಿಂತ. ಬಹಳ ಹೊತ್ತಿನ ಮೇಲೆ ಬೂಟಿನೊಂದಿಗೇ ಒಳಗೆ ಬಂದ.

“ನಿಮ್ಮಮ್ಮ… ಅಲ್ಲಿ ಒಬ್ಳೇ ಇದಾಳಾ?”

“ನನ್ನ ಯಾಕೆ ಕೇಳ್ತೀಯ? ಅವಳನ್ನೇ ಕೇಳು.”

“ಫೋನ್ ತಗೋತಾಳಾ?”

“ನಂಗೇನು ಗೊತ್ತು!”

ಅಂದು ಕೊಲೀನ್ ಫೋನು ಎತ್ತಲಿಲ್ಲ. ಮಂಗಳವಾರ ತಾನಾಗಿ ಮಾಡಿದಳು. ವೆಂಡೆಲ್ ಗಂಟಲು ಸರಿಮಾಡಿಕೊಂಡು, ಬೇಕರಿಯಲ್ಲಿ ಎಷ್ಟು ಗಂಟೆಗೆ ಏಳಬೇಕು ಎಂದು ಕೇಳಿದ. ಆ ಕಡೆಯಿಂದ ಉತ್ತರ ಬಂತು, ಉದ್ದದ ಉತ್ತರ. ಅವನು ನಡುವೆ ಬಾಯಿ ಹಾಕಲಿಲ್ಲ.

ಕೊಲೀನ್ ಹಿಂದಿರುಗಲಿಲ್ಲ. ಬರುತ್ತೇನೆಂದು ಹೇಳಲೂ ಇಲ್ಲ. ಆದರೆ ವಾರಕ್ಕೊಮ್ಮೆ ಫೋನು ಬರತೊಡಗಿತು. ದೂರು ಕೊಡಲು ವೆಂಡೆಲ್ ಮತ್ತೆ ಶಾಲೆಗೆ ಹೋಗಲಿಲ್ಲ. ಒಮ್ಮೆ ಹೋದದ್ದು ಮಿಸ್ ಪ್ರಿಚರ್ಡ್ ಜೊತೆ ಎಲ್ಕಾನಾನ ವಿಷಯ ವಾದ ಮಾಡಲು. ಇಬ್ಬರೂ ಗಂಟಲು ಹರಿಯುವಂತೆ ವಾದಿಸಿದರಂತೆ. ತರಗತಿಯ ಪ್ರಬಂಧಕ್ಕೆ ಮಾರ್ಗೋ, ಥರ್ಜಾ ಒಲೆಯ ಮುಂದೆ ಕೂತ ಆ ದಿನದ ಬಗ್ಗೆ ಆರು ಪುಟ ಬರೆದಳು. ಜೀವನದಲ್ಲಿ ಮೊದಲ ಸಲ ಎಲ್ಲಿಂದಲೂ ನಕಲು ಮಾಡದೆ ಬರೆದದ್ದು. ಮಿಸ್ ಪ್ರಿಚರ್ಡ್ ‘ಬಿ ಮೈನಸ್’ ಎಂಬ ಮಧ್ಯಮ ದರ್ಜೆ ಕೊಟ್ಟು, ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಳು: ತುಂಬ ಚೆನ್ನಾಗಿದೆ, ಆದರೆ ದೀಪದ ಪ್ರಸ್ತಾಪವೇ ಇಲ್ಲ. ಮಾರ್ಗೋ ಅದನ್ನು ಉಂಡೆ ಮಾಡಿ ಎಸೆಯಲು ಹೋಗಿ, ಮತ್ತೆ ಬಿಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಅದಕ್ಕಿಂತ ದೊಡ್ಡ ಕಾಟ ಮನೆಯಲ್ಲಿ ಶುರುವಾಗಿತ್ತು. ವೆಂಡೆಲ್ ಈಗ ಊಟಕ್ಕೆ ಕೂತರೆ ಮುಗಿಯಿತು.

“ಇವತ್ತು ಏನಾಯ್ತು ಶಾಲೇಲಿ?”

“ಏನಿಲ್ಲ.”

“ಏನಿಲ್ಲ ಅಂದ್ರೆ? ಮಧ್ಯಾಹ್ನ ಯಾರ ಜೊತೆ ಕೂತಿದ್ದೆ? ಬಸ್ಸಲ್ಲಿ ನಿನ್ನ ಪಕ್ಕ ಕೂರ್ತಿದ್ದ ಆ ಹುಡುಗಿ ಜೊತೆ ಮಾತು ಬಿಟ್ಟಿದ್ಯಲ್ಲ, ಯಾಕೆ?”

“ಅಪ್ಪಾ, ನೆಮ್ಮದಿಯಾಗಿ ಉಣ್ಣೋಕೆ ಬಿಡ್ತೀಯಾ?”

“ಉಣ್ಣು ಉಣ್ಣು,” ಎಂದು ಅವನು ಅವಳ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿ, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಕಾದು ಕೂತ. ಮಾರ್ಗೋ ನಿಟ್ಟುಸಿರು ಬಿಟ್ಟು, ತುತ್ತು ನುಂಗಿ, ಆ ಹುಡುಗಿಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು.