ತಜ್ಞರು ಬಳಿದ ಹಸಿರು

ಕಡಲತಳದ ನಕ್ಷೆ ಮಾಡುವುದು ಅವನ ಕೆಲಸ. ಹತ್ತು ವರ್ಷದಲ್ಲಿ ಒಮ್ಮೆಯೂ ಅವನು ಕಡಲಿಗಿಳಿದಿರಲಿಲ್ಲ. ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಆದರೇನಂತೆ? ಉಪಗ್ರಹದ ಚಿತ್ರದಲ್ಲಿ ಕಪ್ಪಗೆ ಕಂಡದ್ದಕ್ಕೆ ಹಸಿರು ಬಳಿದು ಕಡಲಹುಲ್ಲು ಎನ್ನುವುದು, ಬೆಳ್ಳಗೆ ಕಂಡದ್ದಕ್ಕೆ ಹಳದಿ ಬಳಿದು ಬರೀ ಮರಳು ಎನ್ನುವುದು. ಇಷ್ಟಕ್ಕೆ ಮೈ ಯಾಕೆ ಒದ್ದೆ ಮಾಡಿಕೊಳ್ಳಬೇಕು? ಕಚೇರಿಯಲ್ಲಿ ಅವನನ್ನು ತಜ್ಞರು ಎನ್ನುತ್ತಿದ್ದರು. ಅವನೂ ನಾಚಿಕೆಯಿಲ್ಲದೆ ತಲೆಯಾಡಿಸುತ್ತಿದ್ದ.

ಈ ಸಲದ ನಕ್ಷೆ ಶುಕ್ರವಾರದ ಸಭೆಗೆ ಹೋಗಬೇಕಿತ್ತು. ಸಭೆ ಒಪ್ಪಿದರೆ, ಹುಲ್ಲು ಉಳಿಯಲೆಂದು ಹಸಿರಿದ್ದಲ್ಲಿ ಯಾರೂ ಬಲೆ ಹಾಕುವಂತಿಲ್ಲ; ಹಳದಿಯಿದ್ದಲ್ಲಿ ಬಂದರಿನ ಹೂಳು ತಂದು ಸುರಿಯಬಹುದು. ಅದನ್ನು ಊಟದ ಮೇಜಿನ ಮೇಲೆ ಹರಡಿ ಮಾವನ ಮುಂದೆ ಜಂಭ ಕೊಚ್ಚಿಕೊಳ್ಳದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಹೆಂಡತಿಯ ಅಪ್ಪ ನಲವತ್ತು ವರ್ಷದಿಂದ ಮೀನು ಹಿಡಿಯುತ್ತಿದ್ದವರು. ಕನ್ನಡಕ ಏರಿಸಿ ಹಸಿರಿನ ಮೇಲೆ ಬೆರಳಿಟ್ಟರು.

"ಅಳಿಯಂದ್ರೇ, ಇದು ಕಲ್ಲು. ನನ್ನ ಎಷ್ಟು ಬಲೆ ಹರಿದುಹೋಗಿದೆ ಅಲ್ಲಿ!"

"ಹಾಗಾದ್ರೆ ಹುಲ್ಲೆಲ್ಲಿದೆ?"

ಮಾವನ ಬೆರಳು ಹಳದಿಯವರೆಗೆ ಹೋಗಿ ಹಿಂದೆ ಸರಿಯಿತು. "ಬೆಳಿಗ್ಗೆ ಬನ್ನಿ, ತೋರಿಸ್ತೀನಿ. ತಿಂಡಿ ಮಾತ್ರ ತಿನ್ಬೇಡಿ."

ತಿನ್ನದಿದ್ದರೂ ತಜ್ಞರು ದೋಣಿಯಲ್ಲಿ ಮೂರು ಸಲ ವಾಂತಿ ಮಾಡಿಕೊಂಡರು. ಹಳದಿ ಬಳಿದ ಜಾಗದಲ್ಲಿ ಮಾವ ಇಂಜಿನ್ ನಿಲ್ಲಿಸಿ, ಅಳಿಯನ ಕಣ್ಣಿಗೆ ಈಜುಗನ್ನಡಕ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿದರು. ಕೆಳಗೆ ಹುಲ್ಲಿತ್ತು! ಉದ್ದುದ್ದ ಎಲೆಗಳು, ಮೈತುಂಬ ನುಣ್ಣನೆಯ ಬಿಳಿ ಮರಳು ಮೆತ್ತಿಕೊಂಡು, ಕಣ್ಣು ಹಾಯುವಷ್ಟು ದೂರವೂ ಓಲಾಡುತ್ತಿದ್ದವು. ನಡುವೆ ಬೆರಳುದ್ದದ ಮೀನಮರಿಗಳು. ಹತ್ತು ವರ್ಷ ಹುಲ್ಲು ಬಳಿದವನು ಹುಲ್ಲನ್ನು ಕಂಡದ್ದು ಇದೇ ಮೊದಲು. ಅವನಿಗೆ ಸಂತೋಷಕ್ಕೆ ಅಳು ಬಂತು. ಇದರ ಮೇಲೆ ಹೂಳು ಸುರಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಿಂದಿನ ನಕ್ಷೆಗಳನ್ನು ನೆನೆಯುವ ಧೈರ್ಯವಾಗಲಿಲ್ಲ.

ದೋಣಿ ಹತ್ತಿದವನೇ ಬೀಗಿದ. "ಮಾವ, ಇವತ್ತೇ ಇದಕ್ಕೆ ಹಸಿರು ಬಳೀತೀನಿ. ಇನ್ಮೇಲೆ ಇಲ್ಲಿ ಒಬ್ರೂ ಬಲೆ ಹಾಕೋ ಹಾಗಿಲ್ಲ!"

ಮಾವನ ಕಣ್ಣು ನೀರಿನ ಮೇಲೆ ಹರಿಯಿತು. ಆಗ ಅವನು ಸುತ್ತ ನೋಡಿದ. ನೀರಿನ ಮೇಲೆ ಸಾಲಾಗಿ ತೇಲುತ್ತಿದ್ದ ಬಲೆಯ ಬೆಂಡುಗಳ ಮೇಲೆಲ್ಲ ಮಾವನ ದೋಣಿಯ ಸಂಖ್ಯೆಯೇ ಇತ್ತು.

"ಇದು... ನಿಮ್ಮ ಜಾಗನಾ?"

"ನಿಮ್ಮ ಹೆಂಡ್ತೀನ ಸಾಕಿದ್ದು ಇಲ್ಲಿ ಹಿಡಿದ ಮೀನಿನಿಂದಾನೇ," ಎಂದರು ಮಾವ. "ಬಳೀರಿ ಪರವಾಗಿಲ್ಲ. ಹೂಳು ಬಿದ್ರೆ ಯಾರಿಗೂ ಏನೂ ಉಳಿಯಲ್ಲ."

ಮಾವ ಬಗ್ಗಿ ಮೊದಲ ಬೆಂಡು ಹಿಡಿದು ಬಲೆಯನ್ನು ದೋಣಿಯೊಳಕ್ಕೆ ಎಳೆಯತೊಡಗಿದರು. ಅವನೂ ಪಕ್ಕದಲ್ಲಿ ನಿಂತು ಕೈಹಾಕಿದ.